ಸಿಸ್ಟರ್ ಚೆನ್ನಾಗಿದ್ದಾರೆ, ಅವರ ಕರುಳಿನ ಬ್ಯಾಕ್ಟೀರಿಯಾಗೆ ಮಾತ್ರ ಮದ್ದು ನಾಟುತ್ತಿಲ್ಲ

ಕೋಲಾರದ ಯಾವುದೋ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಸಿಸ್ಟರ್ ಒಬ್ಬರಿದ್ದಾರೆ ಅಂದುಕೊಳ್ಳಿ. ಜ್ವರ ಇಲ್ಲ, ಭೇದಿ ಇಲ್ಲ, ಹೊಟ್ಟೆನೋವೂ ಇಲ್ಲ. ಮುದ್ದೆ, ಬಸ್ಸಾರು ಉಂಡು ಮಧ್ಯಾಹ್ನದ ಡ್ಯೂಟಿಗೆ ಬಂದಿದ್ದಾರೆ. ಅವರ ಮಲದ ಸ್ಯಾಂಪಲ್ ತೆಗೆದು ಲ್ಯಾಬಿನಲ್ಲಿ ಬೆಳೆಸಿ ನೋಡಿದರೆ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಸಿಗಬಹುದು. ಕೆಲವೊಮ್ಮೆ ಐಸಿಯುನಲ್ಲಿ ಬೇರೆ ಯಾವುದೂ ಕೆಲಸ ಮಾಡದಿದ್ದಾಗ ಕೊಡುವ ಮೆರೊಪೆನೆಮ್‌ಗೂ ಬಗ್ಗದ್ದು ಸಿಗಬಹುದು. ನಮ್ಮ ದೇಶದಲ್ಲಿ ಇದು ಅಪರೂಪವೇನಲ್ಲ. ಆಸ್ಪತ್ರೆ ಸಿಬ್ಬಂದಿಯ ಮಲ ಪರೀಕ್ಷೆ ಮಾಡಿದಲ್ಲೆಲ್ಲ ಇಂಥ ಬ್ಯಾಕ್ಟೀರಿಯಾ ಹೊತ್ತವರು ಸಿಗುತ್ತಲೇ ಇರುತ್ತಾರೆ.

ಇದನ್ನು ಕೇಳಿದ ತಕ್ಷಣ ಆ ಸಿಸ್ಟರ್‌ಗೆ ಬರುವ ಪ್ರಶ್ನೆ ಒಂದೇ: "ಹಾಗಾದ್ರೆ ನನಗೇನೋ ಕಾಯಿಲೆ ಇದೆಯಾ?" ಇಲ್ಲ. ಅವರಿಗೆ ಕಾಯಿಲೆ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಬರುವ ಪ್ರಶ್ನೆ ಬೇರೆ: "ಇವರಿಂದಲೇ ಪೇಷೆಂಟ್‌ಗಳಿಗೆ ಬರುತ್ತಿದೆಯಾ?" ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದು, ಇಲ್ಲ ಅನ್ನೋಕಾಗಲ್ಲ. ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ ಹೋದರೆ ಹಗಲೂ ರಾತ್ರಿ ನಮ್ಮ ಸೇವೆ ಮಾಡುವವರನ್ನೇ ಅನುಮಾನದಿಂದ ನೋಡುತ್ತೇವೆ. ಅದು ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕರುಳಿನ ವಿಷಯ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ 2016ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹೆಚ್ಚುಕಡಿಮೆ ಎಲ್ಲವೂ ಇರುವುದು ದೊಡ್ಡ ಕರುಳಿನಲ್ಲಿ. ಆಹಾರದಲ್ಲಿ ನಮಗೆ ಜೀರ್ಣವಾಗದ ನಾರನ್ನು ಅವು ಒಡೆಯುತ್ತವೆ, ಕೆಲವು ವಿಟಮಿನ್ ತಯಾರಿಸುತ್ತವೆ. ಹೊರಗಿನ ಕೆಟ್ಟ ಬ್ಯಾಕ್ಟೀರಿಯಾಗೆ ಜಾಗ ಕೊಡದೆ ಕಾಯುತ್ತವೆ. ಇ. ಕೊಲೈ, ಕ್ಲೆಬ್ಸಿಯೆಲ್ಲಾ ಅನ್ನುವವು ಈ ಗುಂಪಿನಲ್ಲಿ ತೀರಾ ಸಣ್ಣ ಪಾಲು, ಸಾಮಾನ್ಯವಾಗಿ ನೂರಕ್ಕೆ ಒಂದೂ ಇರುವುದಿಲ್ಲ. ಕರುಳಿನಲ್ಲಿ ಇರುವಷ್ಟು ಹೊತ್ತು ಅವುಗಳಿಂದ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಅವು ಇರಬಾರದ ಜಾಗಕ್ಕೆ ಹೋದಾಗ. ಮೂತ್ರದ ದಾರಿಗೆ ಹೋದರೆ ಉರಿಮೂತ್ರ, ರಕ್ತಕ್ಕೆ ಹೋದರೆ ಜೀವಕ್ಕೇ ಕುತ್ತು ತರುವ ಸೆಪ್ಸಿಸ್. ಆಪರೇಷನ್ ಗಾಯಕ್ಕೆ ಹೋದರೆ ಕೀವು.

ಡಾಕ್ಟರುಗಳು ಇದನ್ನು ಎರಡಾಗಿ ನೋಡುತ್ತಾರೆ. ಬ್ಯಾಕ್ಟೀರಿಯಾ ಮೈಯಲ್ಲಿ ಸುಮ್ನೆ ನೆಲೆಸಿರುವುದು ಒಂದು, ಅದು ಸೋಂಕು ಮಾಡುವುದು ಇನ್ನೊಂದು. ನಮ್ಮ ಸಿಸ್ಟರ್ ಮೊದಲನೆಯ ಗುಂಪಿನವರು. ಅವರ ಕರುಳಿನಲ್ಲಿ ಇ. ಕೊಲೈ ಇರುವುದು ಸಹಜ. ಅದು ಮದ್ದಿಗೆ ಬಗ್ಗದ ಇ. ಕೊಲೈ ಆಗಿರುವುದಷ್ಟೇ ಹೊಸದು.

ಬಗ್ಗದ ಹಾಗೆ ಆಗಿದ್ದು ಹೇಗೆ? ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಇವೆಲ್ಲ ಒಂದೇ ದೊಡ್ಡ ಕುಟುಂಬದ ಔಷಧಿಗಳು. ಇವುಗಳ ಅಣುವಿನಲ್ಲಿ ಬೀಟಾ-ಲ್ಯಾಕ್ಟಮ್ ಅನ್ನುವ ನಾಲ್ಕು ಮೂಲೆಯ ಒಂದು ಪುಟ್ಟ ಉಂಗುರ ಇರುತ್ತದೆ. ಬ್ಯಾಕ್ಟೀರಿಯಾ ತನ್ನ ಸುತ್ತಲಿನ ಗೋಡೆ ಕಟ್ಟಿಕೊಳ್ಳುವುದನ್ನು ತಡೆಯುವುದು ಇದೇ ಉಂಗುರ. ಕೆಲವು ಬ್ಯಾಕ್ಟೀರಿಯಾಗಳು ಈ ಉಂಗುರವನ್ನು ಕತ್ತರಿಸಿ ಹಾಕುವ ಕಿಣ್ವ ತಯಾರಿಸುತ್ತವೆ. ಉಂಗುರ ತುಂಡಾದರೆ ಔಷಧಿ ದಂಡ.

ಈ ಕಿಣ್ವ ಇರುವುದು ಪೆನಿಸಿಲಿನ್ ಆಸ್ಪತ್ರೆಗಳಿಗೆ ಬರುವ ಮುಂಚೆಯೇ, 1940ರಲ್ಲೇ, ಗೊತ್ತಾಗಿತ್ತು. ಆಗ ಅದಕ್ಕೆ ಪೆನಿಸಿಲಿನ್ ಕತ್ತರಿಸುವಷ್ಟು ಶಕ್ತಿ ಇತ್ತು. ಅದನ್ನು ತಪ್ಪಿಸಿಕೊಳ್ಳಲು ಸೆಫ್ಟ್ರಿಯಾಕ್ಸೋನ್‌ನಂಥ ಹೊಸ ಔಷಧಿಗಳು ಬಂದವು. 1980ರ ದಶಕದಲ್ಲಿ ಅವನ್ನೂ ಕತ್ತರಿಸುವ ಕಿಣ್ವಗಳು ಕಾಣಿಸಿಕೊಂಡವು. ಲ್ಯಾಬ್ ರಿಪೋರ್ಟಿನಲ್ಲಿ ಇಎಸ್‌ಬಿಎಲ್ ಅಂತ ಬರೆದಿರುವುದು ಇವುಗಳ ಬಗ್ಗೆಯೇ. ಇಎಸ್‌ಬಿಎಲ್ ಜಾಸ್ತಿಯಾದಾಗ ಡಾಕ್ಟರುಗಳು ಮೆರೊಪೆನೆಮ್ ಕಡೆ ತಿರುಗಿದರು. ಆಗ ಅದನ್ನೂ ಕತ್ತರಿಸುವ ಕಿಣ್ವಗಳು ಹರಡತೊಡಗಿದವು. ಅವುಗಳಲ್ಲೊಂದಾದ ಎನ್‌ಡಿಎಂ 2008ರಲ್ಲಿ, ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ರೋಗಿಯೊಬ್ಬರಲ್ಲಿ ಸಿಕ್ಕಿತು. ಮೆರೊಪೆನೆಮ್ ಕೈಕೊಟ್ಟಾಗ ಉಳಿಯುವುದು ಕೊಲಿಸ್ಟಿನ್‌ನಂಥ ಹಳೆಯ, ಕಿಡ್ನಿಗೆ ಪೆಟ್ಟು ಕೊಡಬಲ್ಲ ಔಷಧಿ. ಅದಕ್ಕೂ ಬಗ್ಗದಂತೆ ಮಾಡುವ, ಒಂದರಿಂದ ಇನ್ನೊಂದಕ್ಕೆ ದಾಟಬಲ್ಲ ಜೀನ್ ಇದೆ ಅಂತ ಚೀನಾದಿಂದ 2015ರಲ್ಲಿ ವರದಿಯಾಯಿತು.

ದಾಟಬಲ್ಲ ಜೀನ್ ಅಂದೆನಲ್ಲ, ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಅದೇ. ಈ ಕಿಣ್ವಗಳ ಜೀನ್ ಬಹಳ ಸಲ ಬ್ಯಾಕ್ಟೀರಿಯಾದ ಮುಖ್ಯ ಕ್ರೋಮೋಸೋಮಿನಲ್ಲಿ ಇರುವುದಿಲ್ಲ. ಪ್ಲಾಸ್ಮಿಡ್ ಅನ್ನುವ ಪುಟ್ಟ ಡಿಎನ್‌ಎ ಸುರುಳಿಯಲ್ಲಿ ಇರುತ್ತದೆ. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಅಂಟಿಕೊಂಡು ಪ್ಲಾಸ್ಮಿಡ್‌ನ ನಕಲನ್ನು ಅದಕ್ಕೆ ಕೊಡುತ್ತದೆ. ಪಕ್ಕದ ಮನೆಯಿಂದ ಹೆಪ್ಪು ತಂದು ನಮ್ಮ ಹಾಲಿಗೆ ಹಾಕುತ್ತೇವಲ್ಲ, ಹಾಗೆ. ಕೊಟ್ಟವರ ಮನೆಯ ಮೊಸರೇನೂ ಖಾಲಿಯಾಗುವುದಿಲ್ಲ, ನಮ್ಮ ಮನೆಯಲ್ಲೂ ಬೆಳಗಾಗುವಷ್ಟರಲ್ಲಿ ಮೊಸರಾಗಿರುತ್ತದೆ, ನಾಳೆ ಇನ್ನೊಬ್ಬರು ನಮ್ಮಿಂದ ಕೇಳಿ ತೆಗೆದುಕೊಂಡು ಹೋಗಬಹುದು. ಕೊಡುವುದೂ ತೆಗೆದುಕೊಳ್ಳುವುದೂ ಒಂದೇ ಜಾತಿಯ ಬ್ಯಾಕ್ಟೀರಿಯಾ ಆಗಿರಬೇಕೆಂದಿಲ್ಲ. ಕರುಳಿನ ನಿರುಪದ್ರವಿ ಇ. ಕೊಲೈ ತನ್ನ ಪ್ಲಾಸ್ಮಿಡ್ ಅನ್ನು ಕ್ಲೆಬ್ಸಿಯೆಲ್ಲಾಗೆ ದಾಟಿಸಬಹುದು. ಒಂದೇ ಪ್ಲಾಸ್ಮಿಡ್‌ನಲ್ಲಿ ನಾಲ್ಕೈದು ಬಗೆಯ ಔಷಧಿಗಳನ್ನು ಎದುರಿಸುವ ಜೀನ್‌ಗಳು ಒಟ್ಟಿಗೆ ಇರುವುದೂ ಸಾಮಾನ್ಯ. ಹಾಗಾಗಿ ಬೇರೆಯೇ ಕುಟುಂಬದ ಸಿಪ್ರೊಫ್ಲಾಕ್ಸಾಸಿನ್ ನುಂಗಿದವರ ಕರುಳಿನಲ್ಲಿ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಬ್ಯಾಕ್ಟೀರಿಯಾವೂ ಜಾಸ್ತಿಯಾಗಬಹುದು.

ಲ್ಯಾಬಿನಲ್ಲಿ ಇದು ಕಣ್ಣಿಗೆ ಕಾಣುವುದು ಹೇಗೆ ಅಂತ ಹೇಳುತ್ತೇನೆ. ಮಲದ ಸ್ಯಾಂಪಲ್ ಅನ್ನು ಮ್ಯಾಕಾಂಕಿ ಅಗರ್ ಎಂಬ, ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ತುಂಬಿದ ಪ್ಲೇಟಿನ ಮೇಲೆ ತಂತಿಯ ಬಳೆಯಿಂದ ಗೆರೆ ಎಳೆದು ಇನ್‌ಕ್ಯುಬೇಟರ್‌ನಲ್ಲಿ ಇಡುತ್ತಾರೆ. ಬೆಳಿಗ್ಗೆ ತೆಗೆದಾಗ ಇ. ಕೊಲೈ ಗುಲಾಬಿ ಬಣ್ಣದ ಒಣ ಚುಕ್ಕೆಗಳಾಗಿ ಬೆಳೆದಿರುತ್ತದೆ. ಕ್ಲೆಬ್ಸಿಯೆಲ್ಲಾ ಕೂಡ ಗುಲಾಬಿಯೇ, ಆದರೆ ಲೋಳೆಲೋಳೆಯಾಗಿ, ದಪ್ಪಗೆ ಇರುತ್ತದೆ. ಅದರಿಂದ ಒಂದು ಚುಕ್ಕೆ ಎತ್ತಿ ಮುಲ್ಲರ್-ಹಿಂಟನ್ ಅಗರ್ ಎಂಬ ಹುಲ್ಲುಬಣ್ಣದ ಇನ್ನೊಂದು ಪ್ಲೇಟಿಗೆ ಪೂರ್ತಿ ಹರಡುತ್ತಾರೆ. ಅದರ ಮೇಲೆ ಔಷಧಿ ಹೀರಿಸಿದ, 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮಾರನೇ ದಿನ ಔಷಧಿ ನಾಟಿರುವ ಕಡೆ ಬಿಲ್ಲೆಯ ಸುತ್ತ ಏನೂ ಬೆಳೆಯದ, ಸ್ವಚ್ಛವಾದ ಒಂದು ವೃತ್ತ ಕಾಣುತ್ತದೆ. ನಾಟದಿದ್ದರೆ ಬ್ಯಾಕ್ಟೀರಿಯಾ ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿರುತ್ತದೆ.

ಇಎಸ್‌ಬಿಎಲ್ ಹೌದೋ ಅಲ್ಲವೋ ನೋಡಲು ಎರಡು ಬಿಲ್ಲೆ ಇಡುತ್ತಾರೆ. ಒಂದರಲ್ಲಿ ಬರೀ ಸೆಫೋಟಾಕ್ಸಿಮ್ (ಸೆಫ್ಟ್ರಿಯಾಕ್ಸೋನ್‌ನ ಹತ್ತಿರದ ಸಂಬಂಧಿ), ಇನ್ನೊಂದರಲ್ಲಿ ಸೆಫೋಟಾಕ್ಸಿಮ್ ಜೊತೆಗೆ ಕ್ಲಾವುಲಾನಿಕ್ ಆಮ್ಲ. ಈ ಆಮ್ಲ ಆ ಕತ್ತರಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಎರಡನೇ ವೃತ್ತ ಮೊದಲನೆಯದಕ್ಕಿಂತ 5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಅಗಲವಾಗಿದ್ದರೆ ಇಎಸ್‌ಬಿಎಲ್ ಇದೆ ಅಂತ ಲೆಕ್ಕ. ಒಂದು ಸ್ಕೇಲ್ ಹಿಡಿದು ಅಳೆಯುವ ಕೆಲಸ ಇದು. ಜಿಲ್ಲಾ ಮಟ್ಟದಲ್ಲಿ ಒಂದು ಒಳ್ಳೆಯ ಮೈಕ್ರೋಬಯಾಲಜಿ ಲ್ಯಾಬ್ ಇದ್ದರೆ ಇಷ್ಟನ್ನು ಇಲ್ಲೇ ಮಾಡಬಹುದು, ಬೆಂಗಳೂರಿಗೆ ಕಳಿಸಬೇಕಿಲ್ಲ.

ಸರಿ, ಸಿಸ್ಟರ್ ಕರುಳಿಗೆ ಇದು ಬಂದಿದ್ದು ಎಲ್ಲಿಂದ? ಎಲ್ಲರೂ ಮೊದಲು ಬೆರಳು ತೋರಿಸುವುದು ವಾರ್ಡಿನ ಕಡೆ. ಅದರಲ್ಲಿ ನಿಜವಿದೆ. ಬೆಳಿಗ್ಗೆ ಡ್ಯೂಟಿ ಬದಲಾಗುವ ಮುಂಚೆ ಆಯಾಗಳು ಒಂದೊಂದೇ ಬೆಡ್ಡಿನ ಯೂರಿನ್ ಬ್ಯಾಗ್ ಖಾಲಿ ಮಾಡುತ್ತಾ ಹೋಗುವುದನ್ನು ಗಮನಿಸಿ ನೋಡಿ. ಕೈಯಲ್ಲಿ ಒಂದೇ ಜಗ್ಗು. ಬ್ಯಾಗಿನ ಕೆಳಗಿನ ನಳಿಕೆ ಜಗ್ಗಿನ ಅಂಚಿಗೆ ತಾಗುತ್ತದೆ, ನಾಲ್ಕು ಹನಿ ಗ್ಲೌಸ್ ಮೇಲೆ ಬೀಳುತ್ತದೆ. ಅದೇ ಜಗ್ಗು, ಅದೇ ಗ್ಲೌಸ್‌ನಲ್ಲಿ ಮುಂದಿನ ಬೆಡ್ಡು. ಮಧ್ಯದಲ್ಲಿ ಯಾರೋ ಕರೆಯುತ್ತಾರೆ, ಮಂಚದ ಕಂಬಿ ಹಿಡಿದು ಬಗ್ಗುತ್ತಾರೆ. ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಟೀ ಬರುತ್ತದೆ, ಅದರ ಜೊತೆ ಬನ್ನು. ಕೈಯಿಂದ ಬಾಯಿಗೆ ಬ್ಯಾಕ್ಟೀರಿಯಾ ಹೋಗಲು ಇಷ್ಟು ಸಾಕು. ಅಷ್ಟೂ ಬೆಡ್ಡಿಗೆ ಒಬ್ಬರೇ ಆಯಾ, ದಿನಕ್ಕೆ ಲೆಕ್ಕ ಮಾಡಿ ಕೊಟ್ಟ ಗ್ಲೌಸು ಅಂದರೆ ಯಾರೇ ಆದರೂ ಹೀಗೇ ಮಾಡುತ್ತಾರೆ. ಒಂದು ರೋಗಿಗೆ ಒಂದು ಜಗ್ಗು, ಪ್ರತಿ ಬೆಡ್ಡಿಗೆ ಹೊಸ ಗ್ಲೌಸ್ ಅನ್ನುವುದು ಸಿಬ್ಬಂದಿಗೆ ಹೇಳುವ ಮುಂಚೆ ಆಸ್ಪತ್ರೆ ನಡೆಸುವವರಿಗೆ ಹೇಳಬೇಕಾದ ಮಾತು.

ಆದರೆ ವಾರ್ಡೊಂದೇ ಕಾರಣ ಅಂದರೆ ತಪ್ಪಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ವಿದೇಶ ಪ್ರವಾಸಕ್ಕೆ ಹೊರಟವರ ಮಲವನ್ನು ಹೋಗುವ ಮುಂಚೆ, ಬಂದ ಮೇಲೆ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಹೋಗುವಾಗ ಇಎಸ್‌ಬಿಎಲ್ ಇಲ್ಲದವರಲ್ಲಿ ನೂರಕ್ಕೆ 34 ಜನ ವಾಪಸ್ ಬರುವಾಗ ಅದನ್ನು ಕರುಳಿನಲ್ಲಿ ಹೊತ್ತು ಬಂದಿದ್ದರು. ದಕ್ಷಿಣ ಏಷ್ಯಾಕ್ಕೆ, ಅಂದರೆ ಭಾರತ ಮತ್ತು ಸುತ್ತಲಿನ ದೇಶಗಳಿಗೆ, ಹೋಗಿ ಬಂದವರಲ್ಲಂತೂ ನೂರಕ್ಕೆ 75 ಜನ! ಇವರು ಪ್ರವಾಸಿಗರು, ವಾರ್ಡಿನಲ್ಲಿ ಬ್ಯಾಗ್ ಖಾಲಿ ಮಾಡಿದವರಲ್ಲ. ನೀರು, ಊಟ, ಕೈ ಇವುಗಳ ಮೂಲಕವೇ ಬಂದಿದ್ದು. ಪ್ರವಾಸದಲ್ಲಿ ಆಂಟಿಬಯಾಟಿಕ್ ನುಂಗಿದವರಿಗೆ, ಭೇದಿಯಾದವರಿಗೆ ಇನ್ನೂ ಹೆಚ್ಚು ಅಂಟಿತ್ತು.

ಕೆಲವೇ ದಿನ ಇದ್ದು ಹೋದವರಿಗೆ ಹೀಗಾದರೆ ಇಲ್ಲೇ ಹುಟ್ಟಿ ಬೆಳೆದವರ ಕಥೆ ಏನು ಅಲ್ವಾ? ಬ್ಯಾಂಕಿನವರು, ಮೇಷ್ಟ್ರು, ಟೊಮೆಟೊ ಮಂಡಿಯಲ್ಲಿ ಕ್ರೇಟ್ ಎತ್ತುವವರು, ಇವರ ಮಲ ಪರೀಕ್ಷಿಸಿದರೂ ಇಎಸ್‌ಬಿಎಲ್ ಸಿಗುತ್ತದೆ. ಇದು ಊರಲ್ಲೆಲ್ಲ ಹರಡಿರುವ ಕಡೆ ಆಸ್ಪತ್ರೆ ಸಿಬ್ಬಂದಿಯನ್ನೂ ಹೊರಗಿನವರನ್ನೂ ಹೋಲಿಸಿದರೆ ಯಾವಾಗಲೂ ದೊಡ್ಡ ವ್ಯತ್ಯಾಸ ಕಾಣುತ್ತದೆ ಅನ್ನುವಂತಿಲ್ಲ. ಸಿಸ್ಟರ್ ಕೂಡ ಇದೇ ಊರಿನ ನೀರು ಕುಡಿದು, ಇದೇ ಊರಿನ ಊಟ ಮಾಡುವವರು.

ಊರಿಗೆ ಹೇಗೆ ಬಂತು? ನಮ್ಮ ಕೋಲಾರವನ್ನೇ ತೆಗೆದುಕೊಳ್ಳಿ. ಇಲ್ಲಿ ಹಾಲಿನಿಂದಲೇ ಸಂಸಾರ ನಡೆಸುವ ಮನೆಗಳು ಲೆಕ್ಕವಿಲ್ಲ. ಹಸುವಿಗೆ ಕೆಚ್ಚಲು ಬಾವು ಬಂದರೆ ಮೊಲೆತೊಟ್ಟಿನ ಒಳಕ್ಕೆ ಆಂಟಿಬಯಾಟಿಕ್ ಟ್ಯೂಬ್ ಏರಿಸುತ್ತಾರೆ, ಇಂಜೆಕ್ಷನ್ ಕೊಡಿಸುತ್ತಾರೆ. ಔಷಧಿಯ ಮೇಲೆ ಬರೆದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬಾರದು. ಆದರೆ ದಿನದ ಹಾಲು ಚೆಲ್ಲುವುದೆಂದರೆ ಆ ಮನೆಗೆ ಎಷ್ಟು ನಷ್ಟ ಅನ್ನುವುದೂ ನಮಗೆ ಗೊತ್ತು. ಹಾಲಿನಷ್ಟೇ ಮುಖ್ಯವಾದದ್ದು ಸಗಣಿ. ಔಷಧಿ ಪಡೆದ ಹಸುವಿನ ಕರುಳಿನಲ್ಲೂ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತದೆ, ಸಗಣಿಯ ಜೊತೆ ತಿಪ್ಪೆಗೆ, ತಿಪ್ಪೆಯಿಂದ ತೋಟಕ್ಕೆ ಹೋಗುತ್ತದೆ. ಕೋಳಿ ಸಾಕಣೆಯಲ್ಲೂ ಇದೇ ಸಮಸ್ಯೆ. ಮನುಷ್ಯರಿಗೆ ಕೊನೆಯ ಔಷಧಿಯಾದ ಕೊಲಿಸ್ಟಿನ್ ಅನ್ನೇ ಕೋಳಿ ದಪ್ಪಗಾಗಲಿ ಅಂತ ಕೊಡುತ್ತಿದ್ದರು. ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಬಹಳ ಮುಂಚೆಯೇ ಆಗಬೇಕಿದ್ದ ಕೆಲಸ.

ನೀರಿನ ಮಾತನ್ನೂ ಆಡಬೇಕು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಕೆ.ಸಿ. ವ್ಯಾಲಿ ಅಂದರೆ ಇಲ್ಲಿ ಎಲ್ಲರಿಗೂ ಗೊತ್ತು. ವರ್ಷವಿಡೀ ಹರಿಯುವ ನದಿ ಇಲ್ಲದ ಈ ಜಿಲ್ಲೆಯಲ್ಲಿ ಬತ್ತಿದ ಕೆರೆಗಳು ತುಂಬಿದ್ದು ಸಣ್ಣ ವಿಷಯವಲ್ಲ. ಆದರೆ ಎರಡನೇ ಹಂತದ, ಅಂದರೆ ಸೂಕ್ಷ್ಮಜೀವಿಗಳಿಂದ ಕೊಳೆ ಕರಗಿಸುವ, ಸಂಸ್ಕರಣೆ ಇರುವುದು ನೀರಿನ ಕೊಳೆ ಇಳಿಸುವುದಕ್ಕೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಮತ್ತು ಅವುಗಳ ಜೀನ್‌ಗಳನ್ನು ಪೂರ್ತಿ ತೆಗೆದುಹಾಕುವುದು ಅದರಿಂದ ಆಗುವುದಿಲ್ಲ, ಜಗತ್ತಿನ ಯಾವ ಊರಿನಲ್ಲೂ ಅಷ್ಟೇ. ಹಾಗಾಗಿ ಕೆರೆ ನೀರನ್ನು ಪರೀಕ್ಷಿಸುವಾಗ ಇದನ್ನೂ ಸೇರಿಸಿ ಅಂತ ನಾವು ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮೆಡಿಕಲ್ ಶಾಪ್. ಗಂಟಲು ನೋವಿಗೆ ಸೆಫಿಕ್ಸಿಮ್, ನೆಗಡಿಗೆ ಅಜಿತ್ರೋಮೈಸಿನ್, ಹೊಟ್ಟೆ ಕೆಟ್ಟರೆ ಓಫ್ಲಾಕ್ಸಾಸಿನ್. ನೆಗಡಿ ವೈರಸ್‌ನಿಂದ ಬರುತ್ತದೆ, ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಆದರೆ ಕರುಳಿಗೆ ಮಾಡುತ್ತದೆ. ನುಂಗಿದ ಔಷಧಿ ಕರುಳಿನ ಬಗ್ಗುವ ಬ್ಯಾಕ್ಟೀರಿಯಾಗಳನ್ನೆಲ್ಲ ಹೊಡೆದುಹಾಕುತ್ತದೆ, ಬಗ್ಗದವು ಉಳಿಯುತ್ತವೆ. ಖಾಲಿಯಾದ ಜಾಗವನ್ನು ಅವೇ ತುಂಬುತ್ತವೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಮೆರೊಪೆನೆಮ್ ಎಲ್ಲ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಇವನ್ನು ಡಾಕ್ಟರ್ ಚೀಟಿ ಇಲ್ಲದೆ ಕೊಡುವಂತಿಲ್ಲ. 2014ರ ಮಾರ್ಚ್‌ನಿಂದ ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು ಬರೆದ ರಿಜಿಸ್ಟರ್ ಅನ್ನು ಮೂರು ವರ್ಷ ಇಟ್ಟಿರಬೇಕು. ನಿಮ್ಮ ಬೀದಿಯ ಅಂಗಡಿಯಲ್ಲಿ ಹೇಗೆ ನಡೆಯುತ್ತದೆ ಅಂತ ನಿಮಗೇ ಗೊತ್ತಿರುತ್ತದೆ.

ಆಸ್ಪತ್ರೆ ಸಿಬ್ಬಂದಿಗೆ ಮಾತ್ರೆ ಕೈಗೆ ಇನ್ನೂ ಸುಲಭವಾಗಿ ಸಿಗುತ್ತದೆ. ಮೈ ಬೆಚ್ಚಗಾದರೆ ರಜೆ ಹಾಕುವಂತಿಲ್ಲ, ಡ್ಯೂಟಿಗೆ ಬದಲಿ ಜನ ಇಲ್ಲ. ಒಂದು ಮಾತ್ರೆ ನುಂಗಿ ಕೆಲಸಕ್ಕೆ ನಿಲ್ಲುತ್ತಾರೆ. ಅವರ ತಪ್ಪು ಅನ್ನುವುದಕ್ಕಿಂತ ಅವರಿಗೆ ಬೇರೆ ದಾರಿ ಬಿಟ್ಟಿಲ್ಲ ಅನ್ನುವುದೇ ಸರಿ.

ಹಾಗಾದರೆ ಅಪಾಯ ಯಾರಿಗೆ? ಗಟ್ಟಿಮುಟ್ಟಾಗಿರುವ ಸಿಸ್ಟರ್‌ಗೆ ಸದ್ಯಕ್ಕೆ ಕಡಿಮೆ. ನಾಳೆ ಅವರಿಗೇ ಉರಿಮೂತ್ರ ಬಂದರೆ ಮಾಮೂಲಿ ಮಾತ್ರೆ ಕೆಲಸ ಮಾಡದಿರಬಹುದು, ಯಾಕಂದರೆ ಹೆಂಗಸರಲ್ಲಿ ಆ ಸೋಂಕು ಬಹುಪಾಲು ಬರುವುದು ಅವರದೇ ಕರುಳಿನ ಇ. ಕೊಲೈನಿಂದ. ಹೆಚ್ಚಿನ ಅಪಾಯ ಇರುವುದು ತೂಕ ಕಡಿಮೆ ಇರುವ ನವಜಾತ ಶಿಶುಗಳಿಗೆ, ಕ್ಯಾತಿಟರ್ (ಮೈಯೊಳಗೆ ಹಾಕುವ ನಳಿಕೆ) ಅಥವಾ ವೆಂಟಿಲೇಟರ್ ಹಾಕಿಸಿಕೊಂಡವರಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ. ಹಸುಗೂಸಿನ ರಕ್ತಕ್ಕೆ ಮೆರೊಪೆನೆಮ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಸೇರಿದರೆ ಡಾಕ್ಟರ ಕೈಯಲ್ಲಿ ಉಳಿಯುವ ಔಷಧಿ ಒಂದೋ ಎರಡೋ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ಒಂದು ಅಂದಾಜು.

ಸಿಬ್ಬಂದಿಯನ್ನೆಲ್ಲ ಪರೀಕ್ಷಿಸಿ, ಇದ್ದವರನ್ನು ಮನೆಗೆ ಕಳಿಸಿದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಆಗಲ್ಲ. ಇದನ್ನು ಕರುಳಿನಿಂದ ಓಡಿಸಲು ನಂಬಬಹುದಾದ ಔಷಧಿ ಇಲ್ಲ. ಆಂಟಿಬಯಾಟಿಕ್ ಕೊಟ್ಟು ತೆಗೆಯಲು ಹೋದರೆ ಇನ್ನಷ್ಟು ಗಟ್ಟಿ ಬ್ಯಾಕ್ಟೀರಿಯಾ ತಯಾರಾಗಬಹುದು. ಯುರೋಪಿನ ತಜ್ಞರ 2019ರ ಮಾರ್ಗಸೂಚಿ ಕೂಡ ವಾಡಿಕೆಯಾಗಿ ಹಾಗೆ ಮಾಡಬೇಡಿ ಅನ್ನುತ್ತದೆ. ಬಿಟ್ಟರೆ ತಾನಾಗಿ ಹೋಗುವುದೂ ಉಂಟು. ಆ ನೆದರ್ಲೆಂಡ್ಸ್ ಪ್ರವಾಸಿಗರಲ್ಲಿ ಅರ್ಧದಷ್ಟು ಜನರಿಗೆ ಒಂದು ತಿಂಗಳೊಳಗೆ ಹೋಗಿತ್ತು, ವರ್ಷದ ನಂತರವೂ ಉಳಿದಿದ್ದು ನೂರಕ್ಕೆ 11 ಜನರಲ್ಲಿ. ಆದರೆ ಅವರು ವಾಪಸ್ ಹೋಗಿದ್ದು ಇದು ಕಡಿಮೆ ಇರುವ ಊರಿಗೆ. ನಮ್ಮ ಸಿಸ್ಟರ್ ಇಂದು ಕಳೆದುಕೊಂಡದ್ದನ್ನು ನಾಳೆ ಮತ್ತೆ ಪಡೆದುಕೊಳ್ಳಬಹುದು. ಅಧ್ಯಯನಕ್ಕಾಗಿ ಪರೀಕ್ಷೆ ಮಾಡಿದರೆ ಒಪ್ಪಿಗೆ ಪಡೆದು, ಹೆಸರು ಮುಚ್ಚಿಟ್ಟು ಮಾಡಬೇಕು. ಹೆಸರು ಹೊರಗೆ ಬಂದರೆ ಮೊದಲು ಕೆಲಸ ಹೋಗುವುದು ಗುತ್ತಿಗೆ ಮೇಲಿರುವ ಆಯಾದೇ.

ಕೆಲಸ ಮಾಡುವುದು ಕೈ ತೊಳೆಯುವುದು. ಕೇಳಿ ಕೇಳಿ ಸಾಕಾದ ಮಾತು, ನಿಜ. ಆದರೂ 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮೆಲ್‌ವೈಸ್ ಎಂಬ ಡಾಕ್ಟರು ಕೈ ತೊಳೆಸಿ ಬಾಣಂತಿಯರ ಸಾವು ಇಳಿಸಿದಾಗಿನಿಂದ ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭ ಹೇಳುತ್ತದೆ: ರೋಗಿಯನ್ನು ಮುಟ್ಟುವ ಮುಂಚೆ, ಡ್ರೆಸ್ಸಿಂಗ್ ಅಥವಾ ಇಂಜೆಕ್ಷನ್‌ನಂಥ ಕೆಲಸಕ್ಕೆ ಮುಂಚೆ, ರಕ್ತ ಮೂತ್ರ ತಾಗುವ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60 ಸೆಕೆಂಡ್. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟು ವಾರ್ಡಿನ ನಲ್ಲಿಯಲ್ಲಿ ನೀರೇ ಬರದ ದಿನಗಳಲ್ಲಿ ಪ್ರತಿ ಮಂಚಕ್ಕೂ ಒಂದು ಸ್ಯಾನಿಟೈಸರ್ ಬಾಟಲಿ ಕಟ್ಟಿಟ್ಟಿದ್ದರೆ ಅದೇ ದೊಡ್ಡ ಉಪಕಾರ. ಗ್ಲೌಸ್ ಹಾಕಿದ್ದೇನಲ್ಲ ಅನ್ನುವ ಧೈರ್ಯ ಬೇಡ. ಗ್ಲೌಸ್ ಮೇಲೂ ಬ್ಯಾಕ್ಟೀರಿಯಾ ಕೂರುತ್ತದೆ, ತೆಗೆಯುವಾಗ ಕೈಗೂ ಹತ್ತುತ್ತದೆ. ಬಳೆ, ಉಂಗುರದ ಸಂದುಗಳಲ್ಲಿ ಕೊಳೆ ಉಳಿಯುತ್ತದೆ, ಡ್ಯೂಟಿ ಹೊತ್ತಿಗೆ ತೆಗೆದಿಟ್ಟರೆ ಒಳ್ಳೆಯದು.

ಯಾರೂ ಮಾತಾಡದ ಜಾಗ ಸಿಬ್ಬಂದಿಯ ಶೌಚಾಲಯ. ಸ್ಯಾನಿಟೈಸರ್ ಅಲ್ಲಿ ಸಾಲದು, ಸೋಪು ನೀರೇ ಬೇಕು. ಕರುಳಿನ ಬ್ಯಾಕ್ಟೀರಿಯಾ ಕೈಗೆ ಬರುವುದೇ ಅಲ್ಲಿ. ಅಲ್ಲಿ ಸೋಪು ಇಡದ ಆಸ್ಪತ್ರೆ ವಾರ್ಡಿನಲ್ಲಿ ಎಷ್ಟು ಪೋಸ್ಟರ್ ಅಂಟಿಸಿದರೂ ಪ್ರಯೋಜನವಿಲ್ಲ.

ಕೊನೆಯದಾಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಅಕ್ಕಂದಿರಿಗೆ, ಅಣ್ಣಂದಿರಿಗೆ ಒಂದು ಮಾತು. ನಿಮಗೆ ಉರಿಮೂತ್ರ ಬಂದರೆ, ಕೀವು ತುಂಬಿದ ಗಾಯವಾದರೆ, ಆಪರೇಷನ್ ಮಾಡಿಸಿಕೊಳ್ಳಬೇಕಾಗಿ ಬಂದರೆ, ನೋಡುವ ಡಾಕ್ಟರಿಗೆ ನೀವು ಆಸ್ಪತ್ರೆಯಲ್ಲಿ ಕೆಲಸ ಮಾಡುವುದನ್ನು ಮೊದಲೇ ಹೇಳಿ. ಇತ್ತೀಚೆಗೆ ಯಾವ ಆಂಟಿಬಯಾಟಿಕ್ ತೆಗೆದುಕೊಂಡಿದ್ದೀರಿ ಅನ್ನುವುದನ್ನೂ ಹೇಳಿ. ಉರಿಮೂತ್ರವಾದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಯೂರಿನ್ ಕಲ್ಚರ್‌ಗೆ ಕೊಡಿ. ರಿಪೋರ್ಟ್ ಬರಲು ಎರಡು ಮೂರು ದಿನ ಬೇಕು. ಇಎಸ್‌ಬಿಎಲ್ ಅಂತ ಬಂದರೂ ಹೆದರಬೇಡಿ, ಮೂತ್ರಕೋಶದ ಮಾಮೂಲಿ ಸೋಂಕಿಗೆ ನೈಟ್ರೋಫುರಾಂಟೊಯಿನ್, ಫಾಸ್ಫೋಮೈಸಿನ್‌ನಂಥ ಬಾಯಲ್ಲಿ ತೆಗೆದುಕೊಳ್ಳುವ ಔಷಧಿಗಳು ಬಹಳ ಸಲ ಇನ್ನೂ ನಾಟುತ್ತವೆ. ಯಾವುದು ಬೇಕು ಅಂತ ರಿಪೋರ್ಟ್ ನೋಡಿ ಡಾಕ್ಟರೇ ಹೇಳಲಿ. ಚಳಿಜ್ವರ, ಬೆನ್ನಿನ ಪಕ್ಕೆ ನೋವು ಇದ್ದರೆ ಮಾತ್ರ ರಿಪೋರ್ಟಿಗೆ ಕಾಯುತ್ತಾ ಮನೆಯಲ್ಲಿ ಕೂರಬೇಡಿ, ಅವತ್ತೇ ತೋರಿಸಿಕೊಳ್ಳಿ.